ವಸ್ಕೋಟೆಯಿಂದ ಇಟಲಿಗೆ: ‘ತಪ್ಪು’ ಉಚ್ಚಾರಗಳು ಭಾಷೆ ಕಟ್ಟಿದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಇವತ್ತು ಒಂದು ಊರಿನ ಹೆಸರಿನಿಂದ ಶುರು ಮಾಡೋಣ. ಹೊಸಕೋಟೆ. ರಸ್ತೆ ಬದಿಯ ಬೋರ್ಡಿನಲ್ಲಿ ನಾಲ್ಕು ಅಕ್ಷರ, ಸ್ಪಷ್ಟವಾಗಿ ಬರೆದಿರುತ್ತೆ. ಆದರೆ ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ಕೂಗೋದು ‘ಹೊಸ್ಕೋಟೆ, ಹೊಸ್ಕೋಟೆ’ ಅಂತ. ನಡುವಿನ ಒಂದು ಸ್ವರ ಬಿದ್ದುಹೋಯ್ತು. ಸುತ್ತಲಿನ ಹಳ್ಳಿಗಳಲ್ಲಿ ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿ, ಅದು ‘ವಸ್ಕೋಟೆ’. ಈಗ ‘ಹ’ ಕೂಡ ಹೋಯ್ತು.

ದೇವನಹಳ್ಳಿ ‘ದ್ಯಾವ್ನಳ್ಳಿ’ ಆಗುತ್ತೆ. ಹಾಲು ‘ಆಲು’, ಹುಡುಗ ‘ಉಡ್ಗ’, ಹೋಗು ‘ವೋಗು’. ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆ, ಈ ನಾಲ್ಕೂ ತಾಲ್ಲೂಕಿನಲ್ಲಿ ಈ ಮಾತು ಕಿವಿಗೆ ಬೀಳುತ್ತೆ. ಮಂಡ್ಯ, ತುಮಕೂರು, ಕೋಲಾರದ ಹಳ್ಳಿಗಳಲ್ಲೂ ಬೀಳುತ್ತೆ.

ಹೀಗೆ ಮಾತಾಡೋರಿಗೆ ಏನು ಸಿಗುತ್ತೆ ಅಂತ ನಿಮಗೂ ಗೊತ್ತು. ನಗು. ಹಳ್ಳಿಯಿಂದ ಬೆಂಗಳೂರಿನ ಕಾಲೇಜಿಗೆ ಸೇರಿದ ಹುಡುಗಿ ಮೊದಲ ವಾರ ಕ್ಲಾಸಲ್ಲಿ ಬಾಯಿ ಬಿಡೋಕೆ ಹಿಂಜರಿಯುತ್ತಾಳೆ. ಏರ್‌ಪೋರ್ಟ್ ಹತ್ತಿರ ಕೆಲಸಕ್ಕೆ ಇಂಟರ್‌ವ್ಯೂ ಕೊಡೋಕೆ ಹೋದ ಹುಡುಗ ಪ್ರತಿ ‘ಹ’ಕಾರವನ್ನೂ ಎಣಿಸಿ ಎಣಿಸಿ ಮಾತಾಡ್ತಾನೆ. ಆ ಹೆದರಿಕೆಯಲ್ಲಿ ಬೇಡದ ಕಡೆಯೂ ಒಂದು ‘ಹ’ ನುಗ್ಗಿಬಿಡುತ್ತೆ. ‘ಆಟ’ ಹೋಗಿ ‘ಹಾಟ’ ಆಗುತ್ತೆ. ಆಗ ನಗು ಇನ್ನೂ ಜೋರು.

ಇವತ್ತಿನ ಪ್ರಶ್ನೆ ಇಷ್ಟೇ. ಇದು ನಿಜವಾಗ್ಲೂ ತಪ್ಪಾ? ತಪ್ಪು ಅನ್ನೋದಾದ್ರೆ ಯಾರ ಲೆಕ್ಕದಲ್ಲಿ? ಉತ್ತರ ಹುಡುಕೋಕೆ ಮೊದಲು ಎರಡು ಸಾವಿರ ವರ್ಷ ಹಿಂದಿನ ರೋಮ್ ನಗರಕ್ಕೆ ಹೋಗಿ ಬರೋಣ. ಯಾಕಂದ್ರೆ ಇದೇ ‘ಹ’ಕಾರಕ್ಕೆ ಅಲ್ಲೂ ಜನ ನಕ್ಕಿದ್ರು. ಹಾಗೆ ನಗಿಸಿಕೊಂಡ ಮಾತೇ ಮುಂದೆ ಇಟಾಲಿಯನ್ ಭಾಷೆ ಆಯ್ತು.

ರೋಮ್‌ನಲ್ಲೂ ‘ಹ’ಕಾರದ ತಕರಾರು

ಕ್ರಿಸ್ತಪೂರ್ವ 1ನೇ ಶತಮಾನ. ರೋಮ್‌ನಲ್ಲಿ ಕಟುಲ್ಲಸ್ ಅಂತ ಒಬ್ಬ ಕವಿ. ಅವನು ಆರಿಯಸ್ ಎಂಬ ಮನುಷ್ಯನನ್ನು ಗೇಲಿ ಮಾಡಿ ಒಂದು ಪುಟ್ಟ ಪದ್ಯ ಬರೆದ. ಆರಿಯಸ್‌ನ ಅಪರಾಧ ಏನು? ಬೇಡದ ಕಡೆಯೆಲ್ಲ ‘ಹ’ ಸೇರಿಸಿ ಮಾತಾಡ್ತಿದ್ದ. ಯಾಕೆ ಸೇರಿಸ್ತಿದ್ದ ಅಂದ್ರೆ, ಆ ಕಾಲಕ್ಕಾಗಲೇ ಸಾಮಾನ್ಯ ಜನರ ಲ್ಯಾಟಿನ್ ಮಾತಿನಲ್ಲಿ ‘ಹ’ ಬಿದ್ದುಹೋಗ್ತಾ ಇತ್ತು. ಓದಿದವರ, ದೊಡ್ಡವರ ಬಾಯಲ್ಲಿ ಮಾತ್ರ ಉಳಿದಿತ್ತು. ದೊಡ್ಡವರ ಹಾಗೆ ಕಾಣಿಸಿಕೊಳ್ಳಬೇಕು ಅಂದುಕೊಂಡವನಿಗೆ ‘ಹ’ ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು ಅನ್ನೋದು ಗೊತ್ತಾಗಲಿಲ್ಲ. ‘ಆಟ’ವನ್ನು ‘ಹಾಟ’ ಅನ್ನೋ ನಮ್ಮ ಇಂಟರ್‌ವ್ಯೂ ಹುಡುಗನ ಕಥೆಯೇ ಇದು. ಎರಡು ಸಾವಿರ ವರ್ಷ ಹಳೆಯದು, ಅಷ್ಟೇ ವ್ಯತ್ಯಾಸ.

ಕೊನೆಗೆ ಗೆದ್ದಿದ್ದು ಯಾರು? ‘ಹ’ ಬಿಟ್ಟವರು. ಲ್ಯಾಟಿನ್‌ನಲ್ಲಿ ಹುಲ್ಲಿಗೆ ‘ಹೆರ್ಬಾ’, ಇಟಾಲಿಯನ್‌ನಲ್ಲಿ ‘ಎರ್ಬಾ’. ಲ್ಯಾಟಿನ್‌ನಲ್ಲಿ ಮನುಷ್ಯನಿಗೆ ‘ಹೋಮೋ’, ಇಟಾಲಿಯನ್‌ನಲ್ಲಿ ‘ಉವೋಮೋ’. ಗಂಟೆಗೆ ‘ಹೋರಾ’, ಈಗ ‘ಓರಾ’. ಈ ‘ಹೋರಾ’ ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತಾ? ನಮ್ಮ ಪಂಚಾಂಗದಲ್ಲಿ ಬರೋ ‘ಹೋರಾ’ ಇದರ ಸಂಬಂಧಿಯೇ. ಮೂಲ ಗ್ರೀಕ್ ಪದ. ಒಂದು ಕಡೆ ಲ್ಯಾಟಿನ್‌ಗೆ ಹೋಯ್ತು, ಇನ್ನೊಂದು ಕಡೆ ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂತು. ನಮ್ಮ ಪಂಚಾಂಗ ‘ಹ’ವನ್ನು ಉಳಿಸಿಕೊಂಡಿದೆ, ಇಟಲಿಯವರು ಬಿಟ್ಟುಬಿಟ್ಟರು. ಇವತ್ತು ಇಟಾಲಿಯನ್ ಬರವಣಿಗೆಯಲ್ಲಿ ಕೆಲವು ಕಡೆ ಆ ಅಕ್ಷರ ಇದೆ. ಆದರೆ ಅದನ್ನು ‘ಹ’ ಅಂತ ಯಾರೂ ಉಚ್ಚರಿಸಲ್ಲ.

ಇನ್ನೊಂದು ಸಾಕ್ಷಿ ಇದೆ, ಇದು ಇನ್ನೂ ಮಜವಾಗಿದೆ. ಲ್ಯಾಟಿನ್‌ನ ಕೊನೆಗಾಲದಲ್ಲಿ ಯಾರೋ ಒಬ್ಬ ಮೇಷ್ಟ್ರು ಜನ ಮಾಡುವ ತಪ್ಪುಗಳ ಪಟ್ಟಿ ಮಾಡಿಟ್ಟರು. ‘ಹೀಗೆ ಹೇಳಿ, ಹಾಗೆ ಹೇಳಬೇಡಿ’ ಅನ್ನೋ ಧಾಟಿಯ 227 ಜೋಡಿ ಪದಗಳು. ‘ಅಪೆಂಡಿಕ್ಸ್ ಪ್ರೋಬಿ’ ಅಂತ ಅದಕ್ಕೆ ಹೆಸರು. ಅದರಲ್ಲಿ ‘ಬಿಸಿ’ ಅನ್ನೋದಕ್ಕೆ ಸರಿಯಾದ ಪದ ‘ಕಾಲಿದಾ’, ತಪ್ಪು ಪದ ‘ಕಾಲ್ದಾ’. ನಡುವಿನ ಸ್ವರ ನುಂಗಬೇಡಿ ಅಂತ ಮೇಷ್ಟ್ರ ತಕರಾರು. ಈಗ ನೀವು ಇಟಲಿಗೆ ಹೋಗಿ ಬಿಸಿನೀರು ಕೇಳಬೇಕಾದರೆ ಬಳಸೋ ಪದ ಯಾವುದು ಗೊತ್ತಾ? ‘ಕಾಲ್ದಾ’. ತಪ್ಪು ಅಂದಿದ್ದೇ ಉಳೀತು. ಆ ಪಟ್ಟಿಯಲ್ಲಿ ತಿದ್ದಿಸಿಕೊಂಡ ಇಂಥ ಎಷ್ಟೋ ರೂಪಗಳಿಂದಲೇ ಇಟಾಲಿಯನ್ ಪದಗಳು ಬಂದಿವೆ.

‘ಕಾಲಿದಾ’ದಿಂದ ‘ಕಾಲ್ದಾ’, ‘ಹೊಸಕೋಟೆ’ಯಿಂದ ‘ಹೊಸ್ಕೋಟೆ’. ನಾಲಗೆ ಮಾಡಿರೋ ಕೆಲಸ ಎರಡೂ ಕಡೆ ಒಂದೇ.

ಪಾಲು, ಹಾಲು, ಆಲು

ಈಗ ಕನ್ನಡಕ್ಕೆ ಬರೋಣ. ‘ಆಲು’ ತಪ್ಪು, ‘ಹಾಲು’ ಸರಿ ಅಂತೀವಲ್ಲ. ಸಾವಿರದ ನೂರು ವರ್ಷದ ಹಿಂದಿನ ಕನ್ನಡಿಗರಿಗೆ ‘ಹಾಲು’ ಅನ್ನೋದೇ ವಿಚಿತ್ರವಾಗಿ ಕೇಳಿಸುತ್ತಿತ್ತು. ಯಾಕಂದ್ರೆ ಹಳಗನ್ನಡದಲ್ಲಿ ಅದು ‘ಪಾಲ್’. ಹುಲಿ ‘ಪುಲಿ’, ಹಾವು ‘ಪಾವು’, ಹತ್ತು ‘ಪತ್ತು’, ಹೆಸರು ‘ಪೆಸರ್’, ಹಳ್ಳಿ ‘ಪಳ್ಳಿ’, ಹೊಸ ‘ಪೊಸ’. ಪಂಪ 941ರಲ್ಲಿ ಕಾವ್ಯ ಬರೆದಾಗ ಬಳಸಿದ್ದು ಈ ‘ಪ’ಕಾರದ ಕನ್ನಡ. ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ‘ಪ’ ಹೋಗಿ ‘ಹ’ ಕಾಣಿಸಿಕೊಳ್ಳುತ್ತೆ. ಮುಂದಿನ ಮೂರ್ನಾಲ್ಕು ಶತಮಾನಗಳಲ್ಲಿ ಅದು ಇಡೀ ಭಾಷೆಯನ್ನು ಆವರಿಸಿಕೊಂಡಿತು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ, ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ನೋಡಿ. ಊರಿನ ಹೆಸರು ಅಲ್ಲಿ ‘ಪಲ್ಮಡಿ’ ಅಂತಿದೆ. ಇವತ್ತು ಹಲ್ಮಿಡಿ.

ಈ ಬದಲಾವಣೆಗೆ ಒಂದು ಕ್ರಮ ಇತ್ತು. ಬಾಯಿಗೆ ಬಂದ ಹಾಗೆ ಆದದ್ದಲ್ಲ. ಪದದ ಮೊದಲಲ್ಲಿ ಬಂದ ‘ಪ’ ಬದಲಾಯ್ತು. ಒತ್ತಿನ ‘ಪ್ಪ’ ಬದಲಾಗಲಿಲ್ಲ. ಅದಕ್ಕೇ ಅಪ್ಪ ಅಪ್ಪನೇ ಆಗಿ ಉಳಿದ, ಉಪ್ಪು ಉಪ್ಪಾಗೇ ಉಳೀತು. ಸಂಸ್ಕೃತದಿಂದ ಬಂದ ಪೂಜೆ, ಪುಸ್ತಕ ಹಾಗೇ ನಿಂತವು. ಬದಲಾವಣೆ ಮುಗಿದ ಮೇಲೆ ಬಂದ ಪೆನ್ನು, ಪೊಲೀಸು, ಪೆಟ್ರೋಲು ‘ಪ’ಕಾರದಲ್ಲೇ ಇವೆ. ಪದದ ಮೊದಲ ಅಕ್ಷರ ನೋಡಿ ಅದು ಯಾವ ಬಾಗಿಲಿಂದ ಬಂತು ಅಂತ ಊಹಿಸಬಹುದು. ಯಾವಾಗಲೂ ಅಲ್ಲ, ಬಹಳ ಸಲ.

ಈಗ ಹೊಸಕೋಟೆಗೆ ವಾಪಸ್ ಬನ್ನಿ. ಆ ಊರಿನ ಕೋಟೆ ಕಟ್ಟಿದ್ದು ಸುಗಟೂರಿನ ಪಾಳೇಗಾರರು. ಆ ಹೊತ್ತಿಗೆ ‘ಪೊಸ’ ಆಗಲೇ ‘ಹೊಸ’ ಆಗಿತ್ತು. ಅದೇ ಕೋಟೆಯನ್ನು ಗಂಗರ ಕಾಲದಲ್ಲಿ ಕಟ್ಟಿ ಅದೇ ಅರ್ಥದ ಹೆಸರಿಟ್ಟಿದ್ದರೆ ಅದು ‘ಪೊಸ’ ಅಂತ ಶುರುವಾಗುತ್ತಿತ್ತು. ಅಂದರೆ ಪೊಸ, ಹೊಸ, ವಸ ಇವು ಒಂದೇ ದಾರಿಯ ಮೂರು ನಿಲ್ದಾಣ. ‘ಪ’ ಸವೆದು ‘ಹ’ ಆಯ್ತು. ‘ಹ’ ಸವೆದು ಬರೀ ಉಸಿರಾಯ್ತು, ಆಮೇಲೆ ಅದೂ ಹೋಯ್ತು. ಎರಡನೇ ನಿಲ್ದಾಣದಲ್ಲಿ ಇಳಿದವರು ಮೂರನೇ ನಿಲ್ದಾಣಕ್ಕೆ ಹೋದವರನ್ನು ನೋಡಿ ನಗ್ತಿದ್ದಾರೆ, ಅಷ್ಟೇ ವಿಷಯ.

ಹೊಸಕೋಟೆ ತಾಲ್ಲೂಕಿನಲ್ಲಿ ಈ ಇಡೀ ಇತಿಹಾಸವನ್ನು ಒಂದೇ ಬೀದಿಯಲ್ಲಿ ಕೇಳಬಹುದು. ತೆಲುಗು ಮನೆಮಾತಿನವರು ಅಲ್ಲಿ ಇದ್ದಾರೆ, ತಮಿಳು ಮನೆಮಾತಿನವರೂ ಇದ್ದಾರೆ. 11ನೇ ಶತಮಾನದ ಮೊದಲಿಗೇ ಚೋಳರು ಗಂಗವಾಡಿಯನ್ನು ಗೆದ್ದಿದ್ದರು. ಆ ಕಾಲದ ತಮಿಳು ಶಾಸನಗಳು ಹೊಸಕೋಟೆ, ದೇವನಹಳ್ಳಿ ಕಡೆ ಇವತ್ತಿಗೂ ಇವೆ. ತೆಲುಗಿನವರಿಗೆ ಹಾಲು ‘ಪಾಲು’, ತಮಿಳಿನವರಿಗೆ ‘ಪಾಲ್’. ಪಕ್ಕದ ಮನೆಯ ಶಾಲೆ ಓದಿದ ಹುಡುಗಿಗೆ ‘ಹಾಲು’. ಅವಳ ಅಜ್ಜಿಗೆ ‘ಆಲು’. ಬೆಳಗ್ಗೆ ಹಾಲಿನ ಡೇರಿ ಮುಂದೆ ಹತ್ತು ನಿಮಿಷ ನಿಂತ್ಕೊಂಡರೆ ಸಾಕು, ಸಾವಿರ ವರ್ಷದ ಪ್ರಯಾಣ ಕಿವಿ ಮುಂದೆ ಹಾದುಹೋಗುತ್ತೆ.

ಎಲ್ಲೆ ಗುರುತಿಸೋಕೆ ಜನರ ಮಾತೇ ಬೇಕು

ನೆಲಮಂಗಲ ತಾಲ್ಲೂಕಿನಲ್ಲಿ ಮಣ್ಣೆ ಅಂತ ಒಂದು ಹಳ್ಳಿ ಇದೆ. ಹಳೆಯ ದೇವಾಲಯಗಳ ಅವಶೇಷ ಬಿಟ್ಟರೆ ಇವತ್ತು ಅದು ಬೇರೆ ಹಳ್ಳಿಗಳ ಥರಾನೇ. ಆದರೆ 8ನೇ ಶತಮಾನದಲ್ಲಿ, ಗಂಗರ ದೊರೆ ಶ್ರೀಪುರುಷನ ಕಾಲದಲ್ಲಿ, ಅದು ರಾಜವಾಸದ ಪಟ್ಟಣ. ಹೆಸರು ‘ಮಾನ್ಯಪುರ’. ಗಂಭೀರವಾದ ಸಂಸ್ಕೃತ ಹೆಸರು. ಜನರ ಬಾಯಲ್ಲಿ ಉರುಳಿ ಉರುಳಿ ಅದು ‘ಮಣ್ಣೆ’ ಆಯ್ತು. ಇಟಲಿಯಲ್ಲೂ ಹೀಗೇ. ರೋಮನ್ನರು ‘ಮೆದಿಯೊಲಾನುಮ್’ ಅಂದ ಊರು ಇವತ್ತು ‘ಮಿಲಾನೊ’. ‘ಫ್ಲೊರೆಂತಿಯಾ’ ಅಂದದ್ದು ‘ಫಿರೆಂಜೆ’, ನಾವು ಫ್ಲಾರೆನ್ಸ್ ಅನ್ನೋ ಊರು. ಮಿಲಾನೊ ಅಂದವರನ್ನು ಇವತ್ತು ಯಾರಾದ್ರೂ ತಿದ್ದುತ್ತಾರಾ?

ಗಂಗರ ತಾಮ್ರಶಾಸನಗಳಲ್ಲಿ ಒಂದು ಪದ್ಧತಿ ಇದೆ. ದೇವರ ಸ್ತುತಿ, ರಾಜನ ವಂಶಾವಳಿ, ಅವನ ಪರಾಕ್ರಮ, ಇದೆಲ್ಲ ಸಂಸ್ಕೃತದಲ್ಲಿ. ಆದರೆ ದಾನ ಕೊಟ್ಟ ಜಮೀನು ಎಲ್ಲಿಂದ ಎಲ್ಲಿವರೆಗೆ, ಪೂರ್ವಕ್ಕೆ ಯಾವ ಹಳ್ಳ, ಪಶ್ಚಿಮಕ್ಕೆ ಯಾವ ಮರ, ಯಾವ ಕೆರೆಯ ಏರಿ ಅನ್ನೋ ವಿಷಯ ಬಂದಾಗ ಬಹಳ ಕಡೆ ಭಾಷೆ ಕನ್ನಡಕ್ಕೆ ತಿರುಗುತ್ತೆ. ಕಾರಣ ಸರಳ. ಹೊಗಳಿಕೆ ಅರ್ಥ ಆಗದಿದ್ದರೆ ಯಾರಿಗೂ ನಷ್ಟ ಇಲ್ಲ. ಎಲ್ಲೆ ಅರ್ಥ ಆಗದಿದ್ದರೆ ಮಾರನೇ ದಿನವೇ ಜಗಳ. ಜಮೀನಿನ ಬೆಲೆ ಏನು ಅಂತ ದೇವನಹಳ್ಳಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ಈಗ ಇಟಲಿಗೆ ಹೋಗಿ. ಇಟಲಿಯ ಜನಭಾಷೆ ಕಾಗದದ ಮೇಲೆ ಸ್ಪಷ್ಟವಾಗಿ, ಬೇಕು ಅಂತಲೇ ಬರೆಯಲ್ಪಟ್ಟಿದ್ದು 960ರಲ್ಲಿ ಅಂತ ವಿದ್ವಾಂಸರು ಹೇಳ್ತಾರೆ. ಯಾವುದೋ ಪ್ರೇಮಕಾವ್ಯ ಇರಬೇಕು ಅಂದ್ಕೊಂಡ್ರಾ? ಅಲ್ಲ. ಜಮೀನಿನ ಕೇಸು! ಕಾಪುವಾ ಅನ್ನೋ ಊರಿನ ನ್ಯಾಯಾಧೀಶರ ಮುಂದೆ ಮೊಂತೆಕಾಸ್ಸಿನೊ ಮಠಕ್ಕೂ ಒಬ್ಬ ಭೂಮಾಲೀಕನಿಗೂ ವ್ಯಾಜ್ಯ. ದಾಖಲೆಯೆಲ್ಲ ಲ್ಯಾಟಿನ್‌ನಲ್ಲಿದೆ. ಆದರೆ ಮೂವರು ಸಾಕ್ಷಿಗಳು, ಈ ಎಲ್ಲೆಯೊಳಗಿನ ಭೂಮಿ 30 ವರ್ಷದಿಂದ ಮಠದ ಸ್ವಾಧೀನದಲ್ಲಿತ್ತು ಅಂತ ಹೇಳಿದ ಹೇಳಿಕೆಯನ್ನು ಮಾತ್ರ ಜನರ ಮಾತಿನಲ್ಲೇ ಬರೆದುಕೊಂಡಿದ್ದಾರೆ. ಅಲ್ಲೂ ಎಲ್ಲೆ ಬಂದಾಗ ದೊಡ್ಡ ಭಾಷೆ ಪಕ್ಕಕ್ಕೆ ಸರಿದು ಮನೆಯ ಭಾಷೆಗೆ ದಾರಿ ಬಿಟ್ಟಿತು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ಲ್ಯಾಟಿನ್ ಇಟಾಲಿಯನ್‌ನ ತಾಯಿ. ಸಂಸ್ಕೃತ ಕನ್ನಡದ ತಾಯಿ ಅಲ್ಲ. ಕನ್ನಡ ದ್ರಾವಿಡ ಕುಟುಂಬದ ಭಾಷೆ, ತಮಿಳು, ತುಳು, ತೆಲುಗಿನ ನೆಂಟ. ಸಂಸ್ಕೃತ ಇಲ್ಲಿ ಆಸ್ಥಾನದ, ಪಾಂಡಿತ್ಯದ ಭಾಷೆಯಾಗಿತ್ತು, ಅಲ್ಲಿ ಲ್ಯಾಟಿನ್ ಇದ್ದ ಹಾಗೆ. ಕನ್ನಡಕ್ಕೆ ನಿಜವಾದ ತಾಯಿಯ ಲೆಕ್ಕದಲ್ಲಿ ಇರೋದು ಹಳಗನ್ನಡ. ಇಟಲಿಯವರು ಮಾತು ಬದಲಾದ ಮೇಲೆ ಭಾಷೆಗೆ ಬೇರೆ ಹೆಸರಿಟ್ಟರು. ನಾವು ಅದೇ ಹೆಸರು ಉಳಿಸಿಕೊಂಡು ‘ಹಳ’, ‘ನಡು’, ‘ಹೊಸ’ ಅಂತ ಸೇರಿಸಿಕೊಂಡೆವು. ಪಂಪನ ಒಂದು ಪುಟ ತೆಗೆದು ಓದಿ ನೋಡಿ, ದೂರ ಎಷ್ಟು ಅಂತ ಗೊತ್ತಾಗುತ್ತೆ.

ಒಳ್ಳೆಯ ಕನ್ನಡ ಎಲ್ಲಿದೆ?

ಸರಿ, ಮಾತು ಊರಿಗೊಂದು ಥರ. ಹಾಗಾದ್ರೆ ಬರೆಯೋಕೆ ಯಾವುದನ್ನು ಹಿಡಿಯೋದು? ಈ ಪ್ರಶ್ನೆಯನ್ನು ಕನ್ನಡ ಬಹಳ ಬೇಗ ಕೇಳಿಕೊಂಡಿತು. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ದಲ್ಲಿ. ಕಾವೇರಿಯಿಂದ ಗೋದಾವರಿವರೆಗಿನ ನಾಡನ್ನು ಅದು ಕನ್ನಡನಾಡು ಅಂತ ಗುರುತಿಸುತ್ತೆ. ಅದರೊಳಗೆ ಕನ್ನಡದ ತಿರುಳು ಇರೋ ಜಾಗವನ್ನೂ ಹೇಳುತ್ತೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕು ಊರುಗಳ ನಡುವಿನ ಪ್ರದೇಶ. ಇವತ್ತಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಮತ್ತೆ ಬೆಳಗಾವಿ ಜಿಲ್ಲೆಯ ಒಕ್ಕುಂದ. ಎಲ್ಲವೂ ಉತ್ತರ ಕರ್ನಾಟಕ! ಮಾನ್ಯಪುರ ಅದರಲ್ಲಿ ಇಲ್ಲ. ಬೆಂಗಳೂರು ಸೀಮೆ ಇಲ್ಲ, ಮೈಸೂರೂ ಇಲ್ಲ.

ಅದೇ ಪುಸ್ತಕ ಇನ್ನೊಂದು ಮಾತು ಹೇಳುತ್ತೆ. ನಾಡಿನಿಂದ ನಾಡಿಗೆ ಕನ್ನಡ ಎಷ್ಟು ಬೇರೆ ಬೇರೆ ಅಂದರೆ, ಅದರ ದೋಷಗಳನ್ನು ಎಣಿಸೋಕೆ ಕೂತರೆ ವಾಸುಕಿಗೂ ಬೇಸರ ಬಂದೀತು ಅಂತ. ಅಂದರೆ 9ನೇ ಶತಮಾನದಲ್ಲೇ ಕನ್ನಡ ಒಂದಲ್ಲ, ಹಲವು ಅನ್ನೋದು ಗೊತ್ತಿತ್ತು.

ಇದಾಗಿ ಸುಮಾರು 450 ವರ್ಷದ ಮೇಲೆ, 1303–05ರ ಆಸುಪಾಸಿನಲ್ಲಿ, ಇಟಲಿಯ ದಾಂತೆ ಇದೇ ಪ್ರಶ್ನೆ ಹಿಡಿದು ಕೂತ. ಜನಭಾಷೆಯ ಪರವಾಗಿ ವಾದ ಮಾಡೋ ಪುಸ್ತಕವನ್ನು ಅವನು ಬರೆದಿದ್ದು ಲ್ಯಾಟಿನ್‌ನಲ್ಲಿ, ಅದು ಬೇರೆ ತಮಾಷೆ. ಇಟಲಿಯ 14 ಪ್ರಾದೇಶಿಕ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಕಾವ್ಯಕ್ಕೆ ಯಾವುದೂ ಪೂರ್ತಿ ಸಾಲದು ಅಂದ. ತನ್ನ ಸ್ವಂತ ಟಸ್ಕನಿಯವರನ್ನೂ ಬಿಡದೆ ಬೈದ. ಆ ಪುಸ್ತಕ ಅರ್ಧಕ್ಕೇ ನಿಂತಿತು. ಆಮೇಲೆ ತನ್ನ ಮಹಾಕಾವ್ಯ ‘ಡಿವೈನ್ ಕಾಮಿಡಿ’ ಬರೆಯೋಕೆ ಕೂತಾಗ ಮುಖ್ಯವಾಗಿ ಹಿಡಿದದ್ದು ತನ್ನ ಊರು ಫ್ಲಾರೆನ್ಸಿನ ಮಾತನ್ನೇ.

ಈ ಎರಡು ಕಥೆಯನ್ನು ಪಕ್ಕಪಕ್ಕ ಇಟ್ಟು ನೋಡೋದು ನಮ್ಮ ಹುಚ್ಚು ಕಲ್ಪನೆ ಅಲ್ಲ. ಅಮೆರಿಕದ ವಿದ್ವಾಂಸ ಷೆಲ್ಡನ್ ಪೊಲಾಕ್ 2006ರ ತಮ್ಮ ದೊಡ್ಡ ಪುಸ್ತಕದಲ್ಲಿ, ಸಂಸ್ಕೃತದ ಪಕ್ಕದಲ್ಲಿ ದೇಶಭಾಷೆಗಳು ಹೇಗೆ ಎದ್ದು ನಿಂತವು ಅನ್ನೋದಕ್ಕೆ ಕನ್ನಡವನ್ನೇ ಮುಖ್ಯ ಉದಾಹರಣೆ ಮಾಡಿಕೊಂಡು, ಅದನ್ನು ಯೂರೋಪಿನ ಜೊತೆ ಹೋಲಿಸಿದರು. ಅವರು ಸಂಪಾದಿಸಿದ ಇನ್ನೊಂದು ಸಂಪುಟ 2003ರಲ್ಲಿ ಬಂತು. ಅದರಲ್ಲಿ ಕನ್ನಡ ಸಾಹಿತ್ಯ ಸಂಸ್ಕೃತಿಯ ಅಧ್ಯಾಯ ಬರೆದವರು ಯಾರು ಗೊತ್ತಾ? ಡಿ.ಆರ್. ನಾಗರಾಜ್. 1954ರಲ್ಲಿ ದೊಡ್ಡಬಳ್ಳಾಪುರದಲ್ಲಿ, ನೇಕಾರ ಕುಟುಂಬದಲ್ಲಿ ಹುಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, ಷಿಕಾಗೊದಲ್ಲೂ ಮಾಡಿದರು. 1998ರಲ್ಲಿ, ಇನ್ನೂ 44ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಅಧ್ಯಾಯ ಪುಸ್ತಕವಾಗಿ ಬಂದಾಗ ಅವರು ಇರಲಿಲ್ಲ. ಮಗ್ಗದ ಸದ್ದಿನ ಊರಲ್ಲಿ ಬೆಳೆದ ಹುಡುಗ ಕನ್ನಡದ ಸಾವಿರ ವರ್ಷದ ಕಥೆಯನ್ನು ಜಗತ್ತಿಗೆ ಹೇಳಿದ. ದೊಡ್ಡಬಳ್ಳಾಪುರದ ಕೇಳುಗರು ಈ ಹೆಸರನ್ನು ಮರೆಯಬಾರದು.

‘ಶುದ್ಧ’ ಭಾಷೆಯನ್ನು ಆರಿಸಿದವರು ಯಾರು?

ದಾಂತೆ ಆದಮೇಲೆ ಏನಾಯ್ತು? 1525ರಲ್ಲಿ ಪಿಯೆತ್ರೊ ಬೆಂಬೊ ಅನ್ನೋ ವಿದ್ವಾಂಸ, ಒಳ್ಳೆಯ ಇಟಾಲಿಯನ್ ಬರೀಬೇಕು ಅಂದರೆ ಪೆತ್ರಾರ್ಕ, ಬೊಕಾಚ್ಚೊ ಇವರ ಹಾಗೆ ಬರೀರಿ ಅಂದ. ಅವರು ಆಗಲೇ 150 ವರ್ಷಕ್ಕೂ ಹಿಂದಿನವರು! ಬೆಂಬೊ ಸ್ವತಃ ವೆನಿಸ್‌ನವನು, ಫ್ಲಾರೆನ್ಸಿನವನಲ್ಲ. ನಮ್ಮಲ್ಲೂ ಇಂಥದೇ ಆಗಿತ್ತು. ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಅನ್ನೋ ವ್ಯಾಕರಣ ಬರೆದಾಗ ಮಾದರಿಯಾಗಿ ಇಟ್ಟುಕೊಂಡಿದ್ದು ಹಳೆಯ ಕವಿಗಳನ್ನು. ಆ ಹೊತ್ತಿಗೆ ಜನರ ಮಾತು ಬಹಳ ಮುಂದೆ ಹೋಗಿತ್ತು. ‘ೞ’ ಅನ್ನೋ ಅಕ್ಷರ ಯಾವ ಯಾವ ಪದದಲ್ಲಿ ಬರುತ್ತೆ ಅಂತ ಕೇಶಿರಾಜ ಪಟ್ಟಿಯನ್ನೇ ಕೊಡ್ತಾನೆ. ಜನ ‘ೞ’, ‘ಳ’ ಎರಡನ್ನೂ ಕಲಸಿಬಿಟ್ಟಿದ್ದರಿಂದಲೇ ಆ ಪಟ್ಟಿ ಬೇಕಾಯ್ತು. ರೋಮ್‌ನ ಮೇಷ್ಟ್ರು ನೆನಪಾದ್ರಾ? ಕೊನೆಗೆ ಇಲ್ಲೂ ಜನರೇ ಗೆದ್ದರು. ಆ ‘ೞ’ ನಮ್ಮ ಕೀಬೋರ್ಡಿನಲ್ಲಿ ಹುಡುಕಿದರೂ ಬೇಗ ಸಿಗಲ್ಲ.

ಇಟಲಿಯಲ್ಲಿ 1583ರಲ್ಲಿ ಫ್ಲಾರೆನ್ಸಿನಲ್ಲಿ ‘ಅಕ್ಕಾದೆಮಿಯಾ ದೆಲ್ಲಾ ಕ್ರುಸ್ಕಾ’ ಶುರುವಾಯ್ತು, 1612ರಲ್ಲಿ ಅದರ ನಿಘಂಟು ಬಂತು. ಬರೆಯೋ ಭಾಷೆ ಗಟ್ಟಿಯಾಯ್ತು. ಆದರೆ 1861ರಲ್ಲಿ ಇಟಲಿ ಒಂದೇ ರಾಜ್ಯ ಆದಾಗ ಆ ಭಾಷೆ ಮಾತಾಡಬಲ್ಲವರು ಎಷ್ಟು ಜನ? ಭಾಷಾಶಾಸ್ತ್ರಜ್ಞ ಟುಲ್ಲಿಯೊ ದೆ ಮೌರೊ ಅವರ ಲೆಕ್ಕದಲ್ಲಿ ನೂರಕ್ಕೆ ಎರಡೂವರೆ. ಇನ್ನೊಬ್ಬ ವಿದ್ವಾಂಸರ ಉದಾರ ಲೆಕ್ಕದಲ್ಲೂ ನೂರಕ್ಕೆ ಹತ್ತರ ಆಸುಪಾಸು. ಉಳಿದವರೆಲ್ಲ ಮಾತಾಡ್ತಿದ್ದಿದ್ದು ಅವರವರ ಊರಿನ ಮಾತು. ಕಾದಂಬರಿಕಾರ ಮಾನ್ಜೋನಿ ಮಿಲಾನೊದವನು. ತನ್ನ ಪ್ರಸಿದ್ಧ ಕಾದಂಬರಿಯ ಭಾಷೆ ಸರಿಯಿಲ್ಲ ಅಂತ ಫ್ಲಾರೆನ್ಸಿನ ಮಾತಿಗೆ ಹೊಂದಿಸಿ ಇಡೀ ಪುಸ್ತಕವನ್ನು ತಿದ್ದಿ ಬರೆದು 1840ರಿಂದ 42ರವರೆಗೆ ಮತ್ತೆ ಪ್ರಕಟಿಸಿದ.

ಇನ್ನೊಂದು ತಮಾಷೆ. ಯಾವ ಫ್ಲಾರೆನ್ಸಿನ ಮಾತಿನಿಂದ ಶಿಷ್ಟ ಇಟಾಲಿಯನ್ ಬಂತೋ, ಅದೇ ಊರಿನವರ ಉಚ್ಚಾರಕ್ಕೆ ಇವತ್ತು ಉಳಿದ ಇಟಲಿ ನಗುತ್ತೆ. ಅವರ ಬಾಯಲ್ಲಿ ಸ್ವರಗಳ ನಡುವಿನ ‘ಕ’ ಹೋಗಿ ‘ಹ’ ಆಗುತ್ತೆ. ಕೋಕಾ ಕೋಲಾ ‘ಹೋಹಾ ಹೋಲಾ’ ಥರ ಕೇಳಿಸುತ್ತೆ ಅನ್ನೋದು ಅಲ್ಲಿನ ಹಳೇ ಜೋಕು. ತವರುಮನೆಯೇ ಪರೀಕ್ಷೆಯಲ್ಲಿ ಫೇಲ್!

ನಮ್ಮಲ್ಲಿ ಶಿಷ್ಟ ಕನ್ನಡ ಗಟ್ಟಿಯಾಗಿದ್ದು ಅಚ್ಚುಕೂಟ, ಪತ್ರಿಕೆ, ಪಠ್ಯಪುಸ್ತಕಗಳಿಂದ. 1843ರ ‘ಮಂಗಳೂರು ಸಮಾಚಾರ’, 1894ರ ಕಿಟೆಲ್ ನಿಘಂಟು, 1915ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕನ್ನಡ ಸಾಹಿತ್ಯ ಪರಿಷತ್ತು. 1956ರಲ್ಲಿ ಮುಂಬೈ, ಹೈದರಾಬಾದ್, ಮದ್ರಾಸ್ ಸೀಮೆಯ ಕನ್ನಡ ಪ್ರದೇಶಗಳೂ ಕೊಡಗೂ ಮೈಸೂರಿನ ಜೊತೆ ಸೇರಿದಾಗ ರಾಜಧಾನಿ ಬೆಂಗಳೂರು. ಮೈಸೂರು–ಬೆಂಗಳೂರಿನ ಓದಿದವರ ಮಾತು ರೇಡಿಯೊದ, ಸಿನಿಮಾದ, ಟಿವಿಯ ಮಾತಾಯ್ತು. ಕವಿರಾಜಮಾರ್ಗ ಯಾವ ಸೀಮೆಯನ್ನು ಕನ್ನಡದ ತಿರುಳು ಅಂತ ಕರೆದಿತ್ತೋ, ಆ ಕಡೆಯ ಮಾತು ಇವತ್ತು ಕಾಮಿಡಿ ಶೋಗಳಲ್ಲಿ ನಗುವಿನ ವಸ್ತು. ತಿರುಳು ಭಾಷೆಯೊಳಗೆ ಇರಲಿಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಅಧಿಕಾರ, ಆಸ್ಥಾನ, ಅಚ್ಚುಯಂತ್ರ ಎಲ್ಲಿ ಹೋಯ್ತೋ ಅಲ್ಲಿಗೆ ಅದೂ ಹೋಯ್ತು.

ಅಷ್ಟಾದರೂ, ಬೆಂಗಳೂರಿನ ಬಾಗಿಲಲ್ಲೇ ಇರೋ ಹೊಸಕೋಟೆ, ದೊಡ್ಡಬಳ್ಳಾಪುರದ ಹಳ್ಳಿಯ ಮಾತು ಆ ಶಿಷ್ಟದೊಳಗೆ ಬರಲಿಲ್ಲ. ಮೂವತ್ತು ನಲವತ್ತು ಕಿಲೋಮೀಟರ್ ದೂರ ಇದ್ದರೂ ಹೊರಗೇ ಉಳೀತು. ಜಾತಿ, ಓದು, ಕಸುಬು, ಇವೆಲ್ಲ ಕಿಲೋಮೀಟರಿಗಿಂತ ಉದ್ದದ ಅಂತರಗಳು.

ಹೋದರೆ ಏನು ಹೋಗುತ್ತೆ?

ಯಾರಾದ್ರೂ ಕೇಳಬಹುದು: ಆಯ್ತಪ್ಪ, ಎಲ್ಲರೂ ಒಂದೇ ಥರ ಮಾತಾಡಿದರೆ ಒಳ್ಳೇದಲ್ವಾ? ಇಟಲಿ ಇದಕ್ಕೂ ಉತ್ತರ ಕೊಡುತ್ತೆ. ಅಲ್ಲಿ 1954ರಲ್ಲಿ ಟಿವಿ ಬಂತು. 1960ರಿಂದ 1968ರವರೆಗೆ ಆಲ್ಬೆರ್ತೊ ಮಾನ್ಜಿ ಅನ್ನೋ ಮೇಷ್ಟ್ರು ಟಿವಿಯಲ್ಲೇ ದೊಡ್ಡವರಿಗೆ ಓದು ಬರಹ ಕಲಿಸಿದರು. ಲಕ್ಷಾಂತರ ಜನ ಅದರಿಂದ ಅಕ್ಷರ ಕಲಿತರು. ಅದು ದೊಡ್ಡ ಕೆಲಸ, ಅದನ್ನು ಹಗುರ ಮಾಡೋ ಹಾಗಿಲ್ಲ. ಆದರೆ ಅದೇ ಕಾಲದಲ್ಲಿ ಊರಿನ ಮಾತು ಆಡೋ ಮಕ್ಕಳಿಗೆ ಶಾಲೆಯಲ್ಲಿ ನಾಚಿಕೆ ಕಲಿಸಲಾಯ್ತು. ಇವತ್ತು ಇಟಲಿಯ ಎಷ್ಟೋ ಪ್ರಾದೇಶಿಕ ಭಾಷೆಗಳು ಯುನೆಸ್ಕೊದ ಅಪಾಯದ ಪಟ್ಟಿಯಲ್ಲಿವೆ. ಮೊಮ್ಮಕ್ಕಳಿಗೆ ಅಜ್ಜಿಯ ಮಾತು ಅರ್ಥ ಆಗುತ್ತೆ, ತಿರುಗಿ ಹೇಳೋಕೆ ಬರಲ್ಲ.

ಹಳ್ಳಿ ಮಾತು ಬರೀ ಸವೆದುಹೋದ ಮಾತಲ್ಲ. ಎಷ್ಟೋ ಹಳೆಯದನ್ನು ಅದು ಜೋಪಾನ ಮಾಡಿಟ್ಟಿದೆ. ‘ಮುದ್ದೆ ಇಕ್ಕು’ ಅಂತಾರಲ್ಲ, ಆ ‘ಇಕ್ಕು’ ಹಳಗನ್ನಡದ ಪದ. ಪೇಟೆಯವರು ಅದನ್ನು ಬಿಟ್ಟು ‘ಹಾಕು’, ‘ಬಡಿಸು’ ಹಿಡಿದರು. ‘ಉಣ್ಣು’ ಹಳೆಯ ಪದ, ಪೇಟೆಯಲ್ಲಿ ‘ಊಟ ಮಾಡು’ ಆಯ್ತು. ‘ಎಮ್ಮೆ ಈದೈತೆ’ ಅಂದಾಗ ಅಲ್ಲಿರೋ ‘ಈಯು’ ಸಾವಿರ ವರ್ಷದ ಪದ. ಅಜ್ಜಿಯ ಬಾಯಲ್ಲಿ ‘ಹ’ ಇಲ್ಲದಿರಬಹುದು, ಪಂಪನ ಕಾಲದ ಕ್ರಿಯಾಪದ ಇದೆ. ಅದನ್ನು ಕೇಳಿ ನಗೋನಿಗೆ ಇದು ಗೊತ್ತಿರಲ್ಲ.

ನಮ್ಮ ಬರಹಗಾರರಿಗೆ ಗೊತ್ತಿತ್ತು. ಜಿ.ಪಿ. ರಾಜರತ್ನಂ 1930ರ ದಶಕದಲ್ಲಿ ‘ರತ್ನನ ಪದಗಳು’ ಬರೆದಾಗ ‘ಹ’ ಬಿಟ್ಟ ಮಾತಿನಲ್ಲೇ ಬರೆದರು. ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಮಾತಿನಲ್ಲಿ ಬರೆದರು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ ಇನ್ನೂ ಮುಂದೆ ಹೋಗಿ, ಹೆಚ್ಚಿನ ಕನ್ನಡಿಗರು ಉಚ್ಚರಿಸದ ಮಹಾಪ್ರಾಣ ಅಕ್ಷರಗಳು ಬರವಣಿಗೆಯಲ್ಲಿ ಯಾಕೆ ಬೇಕು ಅಂತ ಕೇಳಿದರು, ತಮ್ಮ ಪುಸ್ತಕಗಳಲ್ಲಿ ಅವನ್ನು ಬಿಟ್ಟು ಬರೆದೂ ತೋರಿಸಿದರು. ಒಪ್ಪಿದವರಿದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಪ್ರಶ್ನೆ ಜನರ ನಾಲಗೆಯ ಕಡೆಯಿಂದ ಬಂದದ್ದು.

ಹಾಗಂತ ಶಿಷ್ಟ ಕನ್ನಡ ಕಲೀಬೇಡಿ ಅಂತ ಅಲ್ಲ. ಪರೀಕ್ಷೆಗೆ ಬೇಕು, ಅರ್ಜಿಗೆ ಬೇಕು, ದೂರದ ಬೀದರಿನವರ ಜೊತೆ ಮಾತಾಡೋಕೂ ಬೇಕು. ‘ಹಾಲು’ ಅಂತ ಬರೆಯೋದು ಚೆನ್ನಾಗಿ ಕಲಿಯಿರಿ. ಕಲಿತ ಮೇಲೆ ‘ಆಲು’ ಅಂದವರನ್ನು ತಿದ್ದೋಕೆ ಮುಂಚೆ ಒಂದು ಕ್ಷಣ ನಿಲ್ಲಿ. ನೀವು ಹೇಳ್ತಿರೋ ‘ಹಾಲು’ ಕೂಡ ಒಂದು ಕಾಲದಲ್ಲಿ ಯಾರೋ ‘ಪಾಲ್’ ಅನ್ನೋ ಪಂಡಿತರ ಕಿವಿಗೆ ತಪ್ಪಾಗಿ ಕೇಳಿಸಿತ್ತು. ಇಂಟರ್‌ವ್ಯೂ ಟೇಬಲ್ಲಿನ ಆಚೆ ಕಡೆ ಕೂರೋ ಕೇಳುಗರೇ, ಈ ಮಾತು ನಿಮಗೆ ವಿಶೇಷವಾಗಿ. ಒಂದು ‘ಹ’ಕಾರದಿಂದ ಒಬ್ಬ ಹುಡುಗನ ಕೆಲಸದ ಅಳತೆ ಮಾಡಬೇಡಿ.

ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಹಿರಿಯರು ಇದ್ದರೆ ಅವರ ಹತ್ತಿರ ಕೂತು, ಸುತ್ತಲಿನ ಹತ್ತು ಊರಿನ ಹೆಸರು ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೋರ್ಡಿನಲ್ಲಿ ಇರೋ ಹೆಸರಲ್ಲ, ಅವರ ಬಾಯಲ್ಲಿ ಬರೋ ಹೆಸರು. ರೋಮ್‌ನ ಜನ ಮಾತಾಡಿದ್ದನ್ನು ರೆಕಾರ್ಡ್ ಮಾಡೋಕೆ ಯಾರ ಹತ್ತಿರವೂ ಏನೂ ಇರಲಿಲ್ಲ. ತಪ್ಪು ಹುಡುಕೋ ಒಬ್ಬ ಮೇಷ್ಟ್ರ ಪಟ್ಟಿಯಿಂದ ಅದನ್ನು ಊಹಿಸಬೇಕಾಯ್ತು. ನಿಮ್ಮ ಜೇಬಿನಲ್ಲಿ ಫೋನ್ ಇದೆ.